ಫಿಲ್ಟರ್ ಹೌಸಿನ ಚೊಂಬು

ನಂಜನಗೂಡಿನ ಫಿಲ್ಟರ್ ಹೌಸಿಗೆ ನಾನು ಕೊನೆಯ ಸಲ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗ ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಅಷ್ಟರಲ್ಲಿ ಅಲ್ಲಿ ಬಹಳ ಬದಲಾಗಿತ್ತು. ಗೇಟಿನಲ್ಲಿ ಸಮವಸ್ತ್ರದ ಕಾವಲುಗಾರ ಕೂತಿದ್ದ. ನೀರಿನ ತೊಟ್ಟಿಗಳ ಸುತ್ತ ಕಂಬಿ ಹಾಕಿ ಹಳದಿ ಬಣ್ಣ ಹೊಡೆದಿದ್ದರು. ಎಲ್ಲವನ್ನೂ ತೋರಿಸಿ ವಿವರಿಸಲು ಬಂದವನು ಆಗಷ್ಟೇ ಕೆಲಸಕ್ಕೆ ಸೇರಿದ ಎಳೆಯ ಎಂಜಿನಿಯರು. ಕೊನೆಗೆ ಶುದ್ಧ ನೀರಿನ ನಲ್ಲಿಯ ಹತ್ತಿರ ಬಂದಾಗ, ಪಕ್ಕದ ಗೋಡೆಗೆ ಸಣ್ಣ ಸರಪಳಿ ಹಾಕಿ ತೂಗುಬಿಟ್ಟಿದ್ದ ಒಂದು ಹಿತ್ತಾಳೆ ಚೊಂಬನ್ನು ತೋರಿಸಿ ಅವನು ಹೇಳಿದ: "ಇದು ಬಹಳ ಹಳೇದು ಮಕ್ಳೇ. ಮಹಾರಾಜರ ಕಾಲದ್ದಂತೆ."

ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ ಕೋಪ. ಆವತ್ತು ಮಾತ್ರ ಕೋಪದ ಜೊತೆಗೆ ನಗುವೂ ಬಂತು. "ಮಹಾರಾಜರದಲ್ಲಪ್ಪ, ಅದು ನಮ್ಮವ್ವಂದು," ಅಂದೆ. ಅವನು ನನ್ನ ಮುಖ ನೋಡಿ ನಯವಾಗಿ ನಕ್ಕ. ನಂಬಲಿಲ್ಲ ಅಂತ ಗೊತ್ತಾಯಿತು. ಆ ಚೊಂಬಿನ ಹೊಟ್ಟೆಯ ಒಂದು ಪಕ್ಕ ತಗ್ಗಾಗಿದೆ. ನಾನು ಅಂಬೆಗಾಲಿಡುವ ವಯಸ್ಸಿನಲ್ಲಿ ಅದನ್ನು ನಮ್ಮ ಮನೆಯ ಜಗಲಿಯಿಂದ ಕೆಳಕ್ಕೆ ತಳ್ಳಿ ಆದ ತಗ್ಗು. ಅರಮನೆಯ ಜಗಲಿಯ ಮೇಲೆ ಅಂಬೆಗಾಲಿಡುವ ಯೋಗ ನನಗಂತೂ ಇರಲಿಲ್ಲ. ಆ ಹುಡುಗ ನಂಬಲಿಲ್ಲವಲ್ಲ, ಆ ಸಂಕಟಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ತಿ. ನರಸೀಪುರದ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರಾಗಿದ್ದೆ. ತೊಂಬತ್ತರ ದಶಕದಲ್ಲಿ ಕೆಲಸಕ್ಕೆ ಸೇರಿದವಳು. ನಮ್ಮೂರು ಮೂಗೂರಿನ ಆಚೆ. ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿನಲ್ಲಿ ವಾಪಸು ಹೋಗುತ್ತಿದ್ದೆ. ಏಳನೇ ತರಗತಿಯ ವಿಜ್ಞಾನದ ಪುಸ್ತಕದಲ್ಲಿ ನೀರಿನ ಶುದ್ಧೀಕರಣದ ಬಗ್ಗೆ ಒಂದು ಪಾಠವಿತ್ತು. ಅದರಲ್ಲಿದ್ದ ಚಿತ್ರ ಎಷ್ಟು ಮಸುಕಾಗಿ ಅಚ್ಚಾಗಿತ್ತೆಂದರೆ ಯಾವುದು ತೊಟ್ಟಿ, ಯಾವುದು ಮನೆ ಎಂದು ನನಗೇ ಗೊತ್ತಾಗುತ್ತಿರಲಿಲ್ಲ. ಇನ್ನು ಮಕ್ಕಳಿಗೆ ಏನು ಹೇಳಲಿ? ಹೆಡ್ ಮಾಸ್ಟರ ತಲೆ ತಿಂದು, ವರ್ಷಕ್ಕೊಂದು ಸಲ ಮಕ್ಕಳನ್ನು ನಂಜನಗೂಡಿನ ಫಿಲ್ಟರ್ ಹೌಸಿಗೆ ಕರೆದುಕೊಂಡು ಹೋಗುವ ಪದ್ಧತಿ ಶುರುಮಾಡಿದೆ. ಪಾಠ ಅರ್ಥವಾಗಲಿ ಅನ್ನುವುದು ಒಂದು ನೆಪ. ಊರು ಬಿಟ್ಟು ಒಂದು ದಿನ ಹೊರಗೆ ಹೋಗುವ ಆಸೆ ಮಕ್ಕಳಿಗಿಂತ ನನಗೇ ಹೆಚ್ಚಿತ್ತು.

ಆ ಪ್ರವಾಸಗಳನ್ನು ನೆನೆಸಿಕೊಂಡರೆ ಈಗಲೂ ಮನಸ್ಸು ಹಗುರಾಗುತ್ತದೆ. ಬಾಡಿಗೆಯ ಮೆಟಾಡೋರ್ ವ್ಯಾನು. ಅದರೊಳಗೆ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತ ಮಕ್ಕಳು. ಹಳೇ ಪೇಪರಿನಲ್ಲಿ ಕಟ್ಟಿದ ಚಿತ್ರಾನ್ನದ ಪೊಟ್ಟಣಗಳಿಂದ ಎಣ್ಣೆ ಒಸರಿ ಎಲ್ಲರ ಚೀಲಕ್ಕೂ ಒಂದೇ ವಾಸನೆ. ದಾರಿಯುದ್ದಕ್ಕೂ ಗದ್ದೆ, ನಾಲೆ, ಅಲ್ಲಲ್ಲಿ ಆಲೆಮನೆಯ ಹೊಗೆ. ನಂಜನಗೂಡು ಹತ್ತಿರ ಬಂತೆಂದರೆ ಹಿಂದಿನ ಸೀಟಿನ ಹುಡುಗರು "ರಸಬಾಳೆ, ರಸಬಾಳೆ" ಎಂದು ಕೂಗು ಹಾಕುತ್ತಿದ್ದರು. ಕೊಡಿಸದಿದ್ದರೆ ವಾಪಸು ಬರುವವರೆಗೂ ನನ್ನ ಮುಖ ನೋಡುತ್ತಿರಲಿಲ್ಲ.

ಫಿಲ್ಟರ್ ಹೌಸಿನಲ್ಲಿ ಆಗ ಎಲ್ಲವನ್ನೂ ತೋರಿಸುತ್ತಿದ್ದವರು ಒಬ್ಬ ಆಪರೇಟರು. ಐವತ್ತು ದಾಟಿದ ಗಿಡ್ಡ ಮನುಷ್ಯ, ಹಣೆಗೆ ಮೂರು ಬೆರಳಿನ ವಿಭೂತಿ, ಮಾತು ಶುರುಮಾಡಿದರೆ ಪೂರ್ಣವಿರಾಮವೇ ಇಲ್ಲ. ಮಕ್ಕಳು ಅವರಿಗೆ ನೀರುಮೇಷ್ಟ್ರು ಅಂತ ಹೆಸರಿಟ್ಟಿದ್ದರು. ಪ್ರತಿ ವರ್ಷವೂ ಅದೇ ಭಾಷಣ, ಅದೇ ಜೋಕು, ನಗುವುದಕ್ಕೆ ನಿಲ್ಲಿಸುವ ಜಾಗವೂ ಅದೇ. "ಹೊಳೇಲಿ ಎಮ್ಮೆ ಮೀಯುತ್ತೆ. ನಿಮ್ಮಪ್ಪಂದಿರೂ ಮೀಯ್ತಾರೆ. ಇಬ್ರ ಕೊಳೇನೂ ಇಲ್ಲಿ ತೆಗೀತೀವಿ," ಎಂದು ಹೇಳಿ, ನಗು ನಿಲ್ಲುವವರೆಗೂ ಗಂಭೀರವಾಗಿ ನದಿಯ ಕಡೆ ನೋಡುತ್ತಾ ನಿಲ್ಲುತ್ತಿದ್ದರು.

ಅವರ ಹಿಂದೆ ನಾವು ಸಾಲಾಗಿ ನಡೆಯಬೇಕು. ಮೊದಲು ದಂಡೆಯಲ್ಲಿರುವ ನೀರೆತ್ತುವ ಬಾವಿ. ಅಲ್ಲಿಂದ ಮೇಲೆ ಬಂದ ನೀರು ದುಂಡು ಕಟ್ಟೆಯ ಮೆಟ್ಟಿಲುಗಳ ಮೇಲೆ ಚೆಲ್ಲಾಡಿಕೊಂಡು ಇಳಿಯುತ್ತಿತ್ತು. ನೀರಿಗೆ ಗಾಳಿ ಕುಡಿಸುವ ಜಾಗ ಅದು. ಆಮೇಲೆ ಪಟಿಕ ಬೆರೆಸುವ ಕೋಣೆ, ಕೊಳೆ ತಳಕ್ಕೆ ಕೂರುವ ದೊಡ್ಡ ತೊಟ್ಟಿ, ಅದರಾಚೆ ಮರಳು ಹಾಸಿದ ಸೋಸುವ ತೊಟ್ಟಿಗಳು. ಇಷ್ಟೆಲ್ಲ ದಾಟಿ, ಕ್ಲೋರಿನ್ ಬೆರೆತ ನೀರು ಬರುವ ಒಂದು ನಲ್ಲಿ. ಅದರ ಮುಂದೆ ನೀರುಮೇಷ್ಟ್ರ ಒಂದು ಕಟ್ಟುನಿಟ್ಟು: ಬಂದವರೆಲ್ಲ ಅಲ್ಲಿಯ ನೀರು ಕುಡಿಯಲೇಬೇಕು. "ರುಚಿ ನೋಡದೆ ಯಾರೂ ಗೇಟು ದಾಟಂಗಿಲ್ಲ," ಅನ್ನುತ್ತಿದ್ದರು. ಆ ನಲ್ಲಿಯ ನೀರು ರಭಸವಾಗಿ ಬಡಿದುಕೊಂಡು ಬರುತ್ತಿದ್ದುದರಿಂದ ಕೈಯೊಡ್ಡಿದರೆ ಬಾಯಿಗಿಂತ ಮೈಯೇ ಹೆಚ್ಚು ಒದ್ದೆ. ಅದಕ್ಕಾಗಿ ಒಂದು ಸ್ಟೀಲ್ ಲೋಟ ಇಟ್ಟಿದ್ದರು. ಸುತ್ತು ಶುರುವಾಗುವಾಗಲೇ ಅದನ್ನು ಯಾವುದಾದರೊಂದು ಜಾಣ ಮಗುವಿನ ಕೈಗೆ ಕೊಟ್ಟು, ಕೊನೆಯವರೆಗೂ ಹೊತ್ತುಕೊಂಡು ಬರುವ ಜವಾಬ್ದಾರಿ ಹೊರಿಸುತ್ತಿದ್ದರು. ಆ ಲೋಟ ಸಿಕ್ಕ ಮಗುವಿನ ಜಂಬ ನೋಡಬೇಕಿತ್ತು.

ಇನ್ನು ನಮ್ಮವ್ವನ ವಿಷಯ.

ಅವ್ವ ಕೂಲಿ ಮಾಡಿ ನನ್ನನ್ನು ಓದಿಸಿದವಳು. ನಾಟಿ, ಕಳೆ, ಕಬ್ಬಿನ ಸೋಗೆ, ಯಾವ ಕೆಲಸಕ್ಕೂ ಹಿಂಜರಿದವಳಲ್ಲ. ಆದರೆ ಮನೆಯ ಹೊರಗೆ ಯಾರ ಹತ್ತಿರವೂ ನೀರು ಕೇಳುತ್ತಿರಲಿಲ್ಲ. ಎಲ್ಲಿಗೆ ಹೋದರೂ ಆ ಹಿತ್ತಾಳೆ ಚೊಂಬಿನಲ್ಲಿ ಮನೆಯ ನೀರು ತುಂಬಿಸಿ, ಬಾಯಿಗೆ ಬಾಳೆಲೆ ಮುಚ್ಚಿ, ಬಟ್ಟೆ ಕಟ್ಟಿ, ಚೀಲದಲ್ಲಿಟ್ಟು ತೆಗೆದುಕೊಂಡು ಹೋಗುತ್ತಿದ್ದಳು. ಕೂಲಿಗೂ ಅದೇ, ಮದುವೆಗೂ ಅದೇ, ಆಸ್ಪತ್ರೆಗೂ ಅದೇ. ತವರಿನಿಂದ ತಂದ ಚೊಂಬು ಅದು. ಅದರ ನೀರು ಮುಗಿಯಿತೆಂದರೆ ಮನೆ ಮುಟ್ಟುವವರೆಗೂ ಬಾಯಿ ಒಣಗಿಸಿಕೊಂಡೇ ಇರುವುದು.

ಯಾಕೆ ಅಂತ ಅವಳು ಒಂದೇ ಸಲ ನನಗೆ ಹೇಳಿದ್ದು. ಮದುವೆಯಾಗಿ ಬಂದ ಹೊಸದರಲ್ಲಿ ಊರೊಳಗಿನ ಒಂದು ದೊಡ್ಡ ಮನೆಯ ಗದ್ದೆಗೆ ನಾಟಿಗೆ ಹೋಗಿದ್ದಳಂತೆ. ನಮ್ಮ ಕೇರಿಯವರಿಗೆ ಆಗ ಲೋಟ ಕೊಡುತ್ತಿರಲಿಲ್ಲ. ಹಿತ್ತಲಿಗೆ ಹೋಗಿ ಬೊಗಸೆಯೊಡ್ಡಿ ಬಗ್ಗಬೇಕು, ಅವರು ಮೇಲಿನಿಂದ ಹುಯ್ಯಬೇಕು. ಸಾಕಾದಾಗ ಬಾಯಲ್ಲಿ ನೀರಿರುವುದರಿಂದ ಸಾಕು ಅನ್ನಲಾಗದು, ತಲೆ ಅಲ್ಲಾಡಿಸಬೇಕು. ಅವ್ವ ತಲೆ ಅಲ್ಲಾಡಿಸಿದಳು. ಹುಯ್ಯುತ್ತಿದ್ದಾಕೆ ಪಕ್ಕದ ಮನೆಯವಳ ಜೊತೆ ಮಾತಿನಲ್ಲಿ ಮುಳುಗಿದ್ದಳು. ನೀರು ಕೈ ತುಂಬಿ, ಮೊಣಕೈಗಿಳಿದು, ಮುಖ ತೋಯ್ದು, ರವಿಕೆಯೊಳಕ್ಕೆ ಹೋಗುತ್ತಲೇ ಇತ್ತು. ಅವ್ವ ತಲೆ ಅಲ್ಲಾಡಿಸುತ್ತಲೇ ಇದ್ದಳು. "ನನ್ನ ತಲೆ ಆಕೆ ಕಣ್ಗೆ ಕಾಣ್ನೇ ಇಲ್ಲ ಕಣವ್ವ," ಅಂದಿದ್ದಳು. ಅಷ್ಟೇ. ಬೈದದ್ದೂ ಇಲ್ಲ, ಅತ್ತದ್ದೂ ಇಲ್ಲ. ಮಾರನೇ ದಿನದಿಂದ ಚೊಂಬು ಹಿಡಿದಳು.

ಕಾಲ ಬದಲಾಯಿತು. ಕೇರಿಗೂ ಬೋರಿಂಗು ಬಂತು, ಆಮೇಲೆ ನಲ್ಲಿ ಬಂತು. ನಾನು ಟೀಚರಾದೆ. ಮನೆಯ ಗೋಡೆಯ ಮೇಲೆ ನೀಲಿ ಕೋಟಿನವರ ಫೋಟೊ ಬಂತು. ಅವ್ವನ ಚೊಂಬು ಮಾತ್ರ ಅವಳ ಕೈ ಬಿಡಲಿಲ್ಲ. ಬಿಸಿಲಿನಲ್ಲಿ ದುಡಿದು, ನೀರು ಕುಡಿಯದೆ, ಕೊನೆಗೆ ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿಕೊಂಡಿತು. ನೋವು ಬಂದರೆ ಚಾಪೆಯ ಮೇಲೆ ಮುದುರಿಕೊಂಡು ಹಲ್ಲು ಕಚ್ಚುತ್ತಿದ್ದಳು. ಅವಳಿಗೆ ಏನಾದರೂ ಆದರೆ ನನಗೆ ಬೇರೆ ಯಾರೂ ಇರಲಿಲ್ಲ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ನರಸೀಪುರದ ಡಾಕ್ಟರು ಎರಡನೇ ಸಲ ನೋಡಿದಾಗ ನೇರವಾಗಿಯೇ ಹೇಳಿದರು: "ನೋಡಿಯಮ್ಮ, ಔಷಧಿಗಿಂತ ನೀರು ಮುಖ್ಯ. ಹೋದಲ್ಲಿ ಬಂದಲ್ಲಿ ಕುಡೀತಾನೇ ಇರಬೇಕು. ಹೀಗೇ ಬಿಟ್ಟರೆ ಕಿಡ್ನಿ ಹೋಗುತ್ತೆ."

"ಕುಡೀತೀನಿ ಬುಡಿ ಸಾ, ಮನೇಗೋಗಿ," ಅಂದಳು ಅವ್ವ.

ಹೊರಗೆ ಬಂದ ಮೇಲೆ ನಾನು ಬಸ್ ಸ್ಟ್ಯಾಂಡಿನ ತನಕ ಬೈದೆ. ಎರಡು ಚೊಂಬು ತೆಗೆದುಕೊಂಡು ಹೋಗು ಅಂದೆ. "ಬಿಂದ್ಗೆ ಒತ್ಕಂಡ್ ಓಗ್ಲಾ? ಜನ ಗಂಗೆ ಪೂಜೆ ಅಂದ್ಕಬುಟ್ಟಾರು," ಎಂದು ನನ್ನನ್ನೇ ಗೇಲಿ ಮಾಡಿದಳು. ಕೋಪ ನನ್ನದು, ಹಟ ಅವಳದು. ಹಟಕ್ಕೆ ಯಾವತ್ತೂ ಕೋಪಕ್ಕಿಂತ ಆಯಸ್ಸು ಹೆಚ್ಚು.

ಆ ವರ್ಷದ ಫಿಲ್ಟರ್ ಹೌಸಿನ ಪ್ರವಾಸಕ್ಕೆ ನನ್ನ ಜೊತೆ ಬರಬೇಕಾದ ಇನ್ನೊಬ್ಬ ಟೀಚರು ಬಾಣಂತನಕ್ಕೆ ರಜೆ ಹಾಕಿದ್ದರು. ಡ್ರಿಲ್ ಮಾಸ್ತರು ಬರುತ್ತಿದ್ದರು, ಆದರೆ ಹೆಣ್ಣು ಮಕ್ಕಳ ಮೇಲೆ ಕಣ್ಣಿಡಲು ಇನ್ನೊಬ್ಬ ಹೆಂಗಸು ಬೇಕು ಅಂತ ಹೆಡ್ ಮಾಸ್ಟರು ಹಟ ಹಿಡಿದರು. ನನಗೆ ತಟ್ಟನೆ ನೀರುಮೇಷ್ಟ್ರ ಕಟ್ಟುನಿಟ್ಟು ನೆನಪಾಯಿತು. ಕುಡಿಯದವರನ್ನು ಅವರು ಗೇಟಿನಾಚೆ ಬಿಡುವುದಿಲ್ಲ. ನಾನು ಕುಡಿಸಲಾಗದ್ದನ್ನು ಆ ಮನುಷ್ಯ ಕುಡಿಸಿಯಾನು. ಅವ್ವನಿಗೆ ಆ ಲೆಕ್ಕಾಚಾರ ಹೇಳಲಿಲ್ಲ. ಮಕ್ಕಳನ್ನು ನೋಡಿಕೊಳ್ಳಬೇಕು ಬಾ ಅಂದೆ. ಮಕ್ಕಳು ಅಂದರೆ ಸಾಕು, ಅವಳು ಹಸಿರು ಸೀರೆ ಉಟ್ಟು, ಚೊಂಬು ತುಂಬಿಸಿ, ಬೆಳಕು ಹರಿಯುವ ಮೊದಲೇ ತಯಾರಾಗಿದ್ದಳು.

ವ್ಯಾನಿನಲ್ಲಿ ಅವಳದೇ ದರ್ಬಾರು. ವಾಂತಿ ಬಂದ ಹುಡುಗನಿಗೆ ನಿಂಬೆಹಣ್ಣು ಮೂಸಿಸಿದಳು, ಜಗಳಾಡಿದವರನ್ನು ಬೇರೆ ಬೇರೆ ಕೂರಿಸಿದಳು. ಮಡಿಲಲ್ಲಿ ಚೊಂಬಿನ ಚೀಲ. "ಅಜ್ಜಿ, ಅದ್ರಲ್ಲಿ ಏನಿದೆ?" ಅಂತ ಒಬ್ಬಳು ಕೇಳಿದ್ದಕ್ಕೆ "ನೀರು ಕಣ್ ಮಗ" ಅಂದಳು. "ನಾವ್ ಹೋಗ್ತಿರೋದೇ ನೀರಿನ ಮನೆಗಲ್ವಾ?" ಅಂದಳು ಆ ಹುಡುಗಿ. ಅವ್ವ ಕಿಟಕಿಯ ಆಚೆ ನೋಡತೊಡಗಿದಳು.

ಫಿಲ್ಟರ್ ಹೌಸಿನಲ್ಲಿ ಅವಳು ಮಕ್ಕಳ ಸಾಲಿನ ಕೊನೆಯಲ್ಲಿ ನಡೆದಳು. ನೀರು ಮೆಟ್ಟಿಲಿಳಿಯುವ ಕಡೆ ಬಹಳ ಹೊತ್ತು ನಿಂತಳು. ಮರಳಿನ ತೊಟ್ಟಿ ತೊಳೆಯುವುದನ್ನು ನಮಗಾಗಿಯೇ ಮಾಡಿ ತೋರಿಸಿದರು. ಕೆಳಗಿನಿಂದ ಗಾಳಿ ನುಗ್ಗಿಸಿದ ಕೂಡಲೇ ನೀರೆಲ್ಲ ಕೊತಕೊತ ಉಕ್ಕಿ ಕೆಂಪಗಾಯಿತು. ಮಕ್ಕಳು ಕಿರುಚಿದರು. ತೊಳೆದ ಈ ಕೊಳೆನೀರು ಎಲ್ಲಿಗೆ ಹೋಗುತ್ತದೆ ಅಂತ ನಾನು ಕೇಳಿದೆ. ಪ್ರತಿ ವರ್ಷ ಆ ಪ್ರಶ್ನೆ ಕೇಳುವುದು ನನ್ನ ಪಾತ್ರ. "ಚೆಲ್ಲಲ್ಲ ಟೀಚರ್. ತಿಳಿಯಾಗಕ್ಕೆ ಬಿಟ್ಟು, ಮತ್ತೆ ಮೊದಲ್ನೇ ತೊಟ್ಟಿಗೇ ಕಳಿಸ್ತೀವಿ. ಒಂದು ಬಿಂದಿಗೇನೂ ದಂಡ ಮಾಡಲ್ಲ," ಅಂದರು ನೀರುಮೇಷ್ಟ್ರು.

"ಕಲಗಚ್ಚ ಚೆಲ್ದೆ ಎಮ್ಮೆಗಿಡಂಗೆ ಅನ್ನಿ," ಅಂದಳು ಅವ್ವ ಹಿಂದಿನಿಂದ. ನೀರುಮೇಷ್ಟ್ರು ನಕ್ಕು ತಿರುಗಿ ನೋಡಿದರು. ಅವರ ಭಾಷಣದ ನಡುವೆ ಬೇರೆಯವರ ಮಾತಿಗೆ ಅವರು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು.

ಎಡವಟ್ಟಾದದ್ದು ಅದರ ಪಕ್ಕದ ತೊಟ್ಟಿಯ ಹತ್ತಿರ. ಆವತ್ತು ಲೋಟದ ಜವಾಬ್ದಾರಿ ಸಿಕ್ಕಿದ್ದ ಹುಡುಗಿಯ ಮನೆ ನರಸೀಪುರದ ಹೊಳೆಯ ಪಕ್ಕದಲ್ಲೇ. ಕಾವೇರಿ ಕಪಿಲೆ ಸೇರುವ ಸಂಗಮದಲ್ಲಿ ಅಜ್ಜಿಯ ಜೊತೆ ಮಿಂದು, ಚೊಂಬಿನಲ್ಲಿ ತೀರ್ಥ ತುಂಬಿ, ಮನೆಮಂದಿಯ ತಲೆಗೆಲ್ಲ ಚಿಮುಕಿಸಿ ಅಭ್ಯಾಸವಾದ ಮಗು. ತಿಳಿಯಾದ ನೀರು, ಕೈಯಲ್ಲಿ ಲೋಟ. ಬೇರೆ ಯೋಚನೆಯನ್ನೇ ಮಾಡದೆ ಕಟ್ಟೆಯ ಮೇಲೆ ಬಗ್ಗಿ ಲೋಟ ಅದ್ದಿ, "ತೀರ್ಥ, ತೀರ್ಥ" ಎಂದು ಗೆಳತಿಯರ ತಲೆಗೆ ಚಿಮುಕಿಸಿದಳು. ಕೆಲವರು ಕಣ್ಣುಮುಚ್ಚಿ ಕೈಯನ್ನೂ ಮುಗಿದರು. ಇನ್ನೊಂದು ಸಲ ಅದ್ದುವಾಗ ಲೋಟ ಜಾರಿತು. ಮೇಲಿನಿಂದ ನೋಡಿದರೆ ಮರಳಿನ ಮೇಲೆ ಕೂತು ಹೊಳೆಯುತ್ತಿತ್ತು, ಕೈಗೆ ಎಟುಕುತ್ತಿರಲಿಲ್ಲ.

ನೀರುಮೇಷ್ಟ್ರು ತಲೆಯ ಮೇಲೆ ಕೈಯಿಟ್ಟುಕೊಂಡರು. "ಇದು ಹೊಳೆ ಅಲ್ಲ ಕಣ್ರೋ! ಇಡೀ ಊರು ಕುಡಿಯೋ ನೀರು!" ಎಂದು ಕೂಗಿದರು. ತೊಟ್ಟಿ ಖಾಲಿ ಮಾಡುವ ದಿನ ಬರುವವರೆಗೂ ಲೋಟ ಮೇಲೆ ಬರುವ ಹಾಗಿರಲಿಲ್ಲ. ಹುಡುಗಿ ಬಿಕ್ಕಿಬಿಕ್ಕಿ ಅಳತೊಡಗಿದಳು. ನನಗೆ ಪಿತ್ತ ನೆತ್ತಿಗೇರಿತ್ತು. ಕಿವಿ ಹಿಂಡಲು ಕೈ ಚಾಚಿದೆ. ಅವ್ವ ನಡುವೆ ಬಂದು ಮಗುವನ್ನು ಸೆರಗಿನ ಹಿಂದಕ್ಕೆ ಎಳೆದುಕೊಂಡಳು. "ಬುಡು ಅತ್ತಾಗೆ, ತೀರ್ತ ಅಂದ್ಕಬುಟ್ಟದೆ ಮಗ. ಕೆಟ್ದೇನ್ ಮಾಡ್ತು?"

ನಲ್ಲಿಯ ಹತ್ತಿರ ಬಂದೆವು. ಲೋಟವಿಲ್ಲ. ಆಫೀಸು ಕೋಣೆಯಿಂದ ಟೀ ಗ್ಲಾಸು ತರಲು ಹೋದ ಡ್ರಿಲ್ ಮಾಸ್ತರು, ಎಲ್ಲದರಲ್ಲೂ ಸಿಗರೇಟಿನ ಬೂದಿ ಇದೆ ಅಂತ ಬರಿಗೈಯಲ್ಲಿ ಬಂದರು. ಆ ಕಾಲದಲ್ಲಿ ನಮ್ಮ ಮಕ್ಕಳ ಹತ್ತಿರ ನೀರಿನ ಬಾಟಲಿ ಎಲ್ಲಿತ್ತು? ಇವತ್ತು ರುಚಿ ನೋಡುವುದು ಬೇಡ ಬಿಡಿ ಅಂದೆ, ನನ್ನ ಲೆಕ್ಕಾಚಾರ ನೀರುಪಾಲಾದ ಬೇಸರದಲ್ಲಿ. ನೀರುಮೇಷ್ಟ್ರಿಗೆ ಅದು ಸಾಧ್ಯವೇ ಇರಲಿಲ್ಲ. ಊಟಕ್ಕೆ ಕರೆದು ಎಲೆ ಹಾಕದೆ ಕಳಿಸಿದಷ್ಟು ಸಂಕಟ ಅವರ ಮುಖದಲ್ಲಿತ್ತು. ಅತ್ತ ಇತ್ತ ನೋಡಿದರು. ಕಣ್ಣು ಅವ್ವನ ಚೀಲದ ಮೇಲೆ ಬಿತ್ತು.

"ಅವ್ವಾ, ಅದು ಚೊಂಬಲ್ವಾ? ಕೊಡಿ ಇತ್ತಾಗೆ."

ಅವ್ವ ಚೀಲವನ್ನು ಎದೆಗೆ ಅವುಚಿಕೊಂಡಳು. "ಇದ್ರಲ್ಲಿ ನೀರದೆ ಸಾ."

"ಚೆಲ್ಲಿ. ಇಲ್ಲಿ ನೀರಿಗೇನು ಬರವಾ?"

ಅವ್ವ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಅವರ ಹಣೆಯ ವಿಭೂತಿ ನೋಡಿದಳು. ತಗ್ಗಿದ ದನಿಯಲ್ಲಲ್ಲ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನಾವು ಕೇರಿಯೋರು ಸಾ. ಇದು ನಮ್ಮನೆ ಚೊಂಬು. ಕುಡುದಾದ್ ಮೇಲೆ ಗೊತ್ತಾಗಿ ಒಂದ್ ಮಾತು ಬರಬಾರ್ದು. ಅದ್ಕೆ ಮೊದ್ಲೇ ಏಳ್ತಿವ್ನಿ."

ಡ್ರಿಲ್ ಮಾಸ್ತರು ಆಕಾಶ ನೋಡಿದರು. ಮಕ್ಕಳಲ್ಲಿ ಊರೊಳಗಿನ ಜಮೀನುದಾರರ ಮನೆಯವರೂ ಇದ್ದರು, ಕೇರಿಯವರೂ ಇದ್ದರು. ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಈ ಮನುಷ್ಯ ಈಗ ಒಂದು ಹೆಜ್ಜೆ ಹಿಂದೆ ಸರಿದರೆ, ಬೇಡ ಬಿಡಿ ಅಂದರೆ, ಅವ್ವ ಇನ್ನು ಜೀವ ಹೋದರೂ ಹೊರಗೆ ನೀರು ಮುಟ್ಟುವುದಿಲ್ಲ. ಅವಳನ್ನು ಕರೆದುಕೊಂಡು ಬಂದವಳು ನಾನೇ.

ನೀರುಮೇಷ್ಟ್ರು ಅವ್ವನನ್ನೂ ಚೀಲವನ್ನೂ ನೋಡಿದರು. "ಚೊಂಬು ಸೋರಲ್ಲ ತಾನೆ?" ಅಂದರು.

"ಸೋರಾಕಿಲ್ಲ."

"ಮತ್ತಿನ್ನೇನು, ತನ್ನಿ."

ಅವರು ದೊಡ್ಡ ಮನುಷ್ಯರೋ, ಅಥವಾ ತಮ್ಮ ಪದ್ಧತಿ ಮುರಿಯಬಾರದೆಂಬ ಚಾಳಿಯ ಮುಂದೆ ಅವರಿಗೆ ಬೇರೇನೂ ಕಾಣುತ್ತಿರಲಿಲ್ಲವೋ, ಇವತ್ತಿಗೂ ನನಗೆ ತೀರ್ಮಾನಿಸಲಾಗಿಲ್ಲ. ಕೇಳುವ ಧೈರ್ಯವನ್ನೂ ಮಾಡಲಿಲ್ಲ. ಎರಡರಲ್ಲಿ ಯಾವುದಾದರೂ ನನಗೆ ಸಂತೋಷವೇ.

ಅವ್ವ ಬಟ್ಟೆ ಬಿಚ್ಚಿ, ಬಾಳೆಲೆ ತೆಗೆದು, ಮನೆಯಿಂದ ತಂದ ನೀರನ್ನು ಪಕ್ಕದಲ್ಲಿದ್ದ ದಾಸವಾಳದ ಗಿಡದ ಬುಡಕ್ಕೆ ಹುಯ್ದಳು. ನಿಧಾನವಾಗಿ, ಕೊನೆಯ ಹನಿ ಬೀಳುವವರೆಗೂ ಚೊಂಬು ಬಗ್ಗಿಸಿ ಹಿಡಿದಿದ್ದಳು. ನೀರುಮೇಷ್ಟ್ರು ಅದನ್ನು ನಲ್ಲಿಗೆ ಹಿಡಿದು ಜಾಲಿಸಿ, ತುಂಬಿಸಿ, ಮೊದಲು ತಾವೇ ತಲೆ ಎತ್ತಿ ಗಟಗಟ ಕುಡಿದರು. ಬಾಯಿ ಒರೆಸಿಕೊಂಡು, "ಹೂಂ, ಬನ್ನಿ ಒಬ್ಬೊಬ್ರೇ," ಅಂದರು.

ಮಕ್ಕಳಿಗೆ ಆ ತುಂಬಿದ ಹಿತ್ತಾಳೆ ಚೊಂಬು ಎತ್ತಿ ಕುಡಿಯಲಾಗಲಿಲ್ಲ. ಮೊದಲನೆಯ ಹುಡುಗ ಮೂಗಿಗೆಲ್ಲ ಹುಯ್ದುಕೊಂಡು ಕೆಮ್ಮಿದ. ನೀರುಮೇಷ್ಟ್ರು ಚೊಂಬನ್ನು ಅವ್ವನ ಕೈಗೆ ಕೊಟ್ಟು, "ನೀವೇ ಹುಯ್ರಿ ಅವ್ವ, ನಾನು ನಲ್ಲಿ ನೋಡ್ಕೋತೀನಿ," ಅಂದರು.

ಒಬ್ಬರ ಹಿಂದೆ ಒಬ್ಬರು ಬಂದು ಬೊಗಸೆಯೊಡ್ಡಿ ಬಗ್ಗಿದರು. ಅವ್ವ ಮೇಲಿನಿಂದ ಹುಯ್ದಳು. ಜಮೀನುದಾರರ ಮನೆಯ ಮಕ್ಕಳು, ಅಂಗಡಿಯವರ ಮಕ್ಕಳು, ತೀರ್ಥ ಚಿಮುಕಿಸಿದ ಹುಡುಗಿ. ನಾನು ಪಕ್ಕದಲ್ಲೇ ನಿಂತಿದ್ದೆ. ಅವ್ವನ ಕಣ್ಣು ನೀರಿನ ಧಾರೆಯ ಮೇಲಿರಲಿಲ್ಲ, ಪ್ರತಿ ಮಗುವಿನ ತಲೆಯ ಮೇಲಿತ್ತು. ತಲೆ ಒಂದಿಷ್ಟು ಅಲ್ಲಾಡಿತೋ ಇಲ್ಲವೋ, ಚೊಂಬು ನೆಟ್ಟಗಾಗುತ್ತಿತ್ತು. ಒಂದು ಮಗುವಿನ ಮೊಣಕೈಗೂ ನೀರು ಇಳಿಯಲಿಲ್ಲ. ನಾನು ಸಾಲು ಸರಿಮಾಡುವ ನೆಪದಲ್ಲಿ ಆಚೆ ತಿರುಗಿದೆ.

ಕೊನೆಗೆ ನೀರುಮೇಷ್ಟ್ರು ಚೊಂಬು ತೆಗೆದುಕೊಂಡು, ತುಂಬಿಸಿ, ಅವ್ವನ ಕೈಗೆ ಕೊಟ್ಟರು. "ನೀವು ಕುಡೀದೆ ಗೇಟು ದಾಟಂಗಿಲ್ಲ."

ಅವ್ವ ತಲೆ ಎತ್ತಿ ಬಾಯಿಗೆ ಹುಯ್ದುಕೊಂಡಳು. ಅರ್ಧಕ್ಕೆ ನಿಲ್ಲಿಸುತ್ತಾಳೆ ಅಂದುಕೊಂಡೆ. ನಿಲ್ಲಿಸಲಿಲ್ಲ. ಚೊಂಬು ಖಾಲಿಯಾಯಿತು.

"ರುಚಿ ಹೆಂಗಿದೆ?" ಅಂದರು ಅವರು, ಮಕ್ಕಳನ್ನು ಕೇಳುವ ದನಿಯಲ್ಲೇ.

"ಒಸಿ ಔಸ್ತಿ ವಾಸ್ನೆ ಅದೆ," ಅಂದಳು ಅವ್ವ. "ಒಳ್ಳೆ ನೀರೇ ಬುಡಿ. ಇನ್ನೊಸಿ ಕೊಡಿ."

ವಾಪಸು ಬರುವಾಗ ಅವಳಿಗಾಗಿ ದಾರಿಯಲ್ಲಿ ವ್ಯಾನು ನಿಲ್ಲಿಸಬೇಕಾಯಿತು. ಸ್ವಲ್ಪ ದೂರ ಬಂದ ಮೇಲೆ ಮತ್ತೆ ನಿಲ್ಲಿಸಬೇಕಾಯಿತು. "ಅಜ್ಜಿ, ನೀವೇ ಒಂದು ಫಿಲ್ಟರ್ ಹೌಸು," ಅಂದ ಹಿಂದಿನ ಸೀಟಿನ ಒಬ್ಬ ತರಲೆ. ಅವ್ವ ಎಲ್ಲರಿಗಿಂತ ಹೆಚ್ಚು ನಕ್ಕಳು. ಡಾಕ್ಟರು ಹೇಳಿದ್ದು ಇದೇ ಅಲ್ಲವೇ ಅಂದುಕೊಂಡು ನಾನು ಒಳಗೊಳಗೇ ಕುಣಿಯುತ್ತಿದ್ದೆ. ಆದರೆ ಭಯವೂ ಇತ್ತು. ಇದು ಒಂದು ದಿನದ ಮಾತು. ನಾಳೆ ಬೆಳಿಗ್ಗೆ ಚೊಂಬಿಗೆ ಮತ್ತೆ ಬಾಳೆಲೆ ಮುಚ್ಚಿ ಹೊರಡುತ್ತಾಳೆ, ಅದು ಖಾಲಿಯಾದ ಮೇಲೆ ಮತ್ತೆ ಒಣಗುತ್ತಾಳೆ.

ನರಸೀಪುರದಲ್ಲಿ ಮಕ್ಕಳನ್ನೆಲ್ಲ ಮನೆಗೆ ಕಳಿಸಿ, ನಾವಿಬ್ಬರೂ ನಮ್ಮೂರಿನ ಬಸ್ಸಿಗೆ ಬಸ್ ಸ್ಟ್ಯಾಂಡಿನ ಕಡೆ ನಡೆದೆವು. ಅವಳಿಗೆ ಸುಸ್ತಾಗಿರಬೇಕೆಂದು ಚೀಲ ಇಸಿದುಕೊಂಡೆ. ಚೀಲ ಹಗುರಾಗಿತ್ತು. ಒಳಗೆ ನೋಡಿದರೆ ಮಡಿಸಿದ ಬಟ್ಟೆ ಮಾತ್ರ.

"ಚೊಂಬೆಲ್ಲವ್ವಾ?"

"ಅಲ್ಲೇ ಬುಟ್ಬಂದೆ. ಅವರ್ ಲೋಟ ನೀರ್ಗೆ ಬಿತ್ತಲ್ಲ. ನಾಳೀಕೆ ಬರೋ ಮಕ್ಳು ಯಾತ್ರಲ್ಲಿ ಕುಡುದಾವು?"

ನಾನು ರಸ್ತೆಯಲ್ಲೇ ನಿಂತುಬಿಟ್ಟೆ. "ಹಾಗಾದ್ರೆ ಇನ್ಮೇಲೆ ಬಾಯಾರಿದ್ರೆ ಏನ್ ಮಾಡ್ತೀಯ?"

ಅವ್ವ ಮುಂದಕ್ಕೆ ನಡೆದಳು. ಬಸ್ ಸ್ಟ್ಯಾಂಡಿನ ಎದುರು ಒಂದು ಹೋಟೆಲಿತ್ತು. ಅವಳ ಪ್ರಾಯದ ಕಾಲದಲ್ಲಿ ನಮ್ಮ ಕೇರಿಯವರಿಗೆ ಅಲ್ಲಿ ಟೀ ಹೊರಗಡೆ, ಗೋಡೆಯ ಮೇಲೆ ಬೇರೆಯೇ ಇಟ್ಟ ಗ್ಲಾಸಿನಲ್ಲಿ. ಆ ಗ್ಲಾಸು ಹೋಗಿ ಎಷ್ಟೋ ವರ್ಷವಾಗಿತ್ತು. ನಾನು ಸಹೋದ್ಯೋಗಿಗಳ ಜೊತೆ ದಿನಾ ಒಳಗೆ ಕೂತು ಟೀ ಕುಡಿಯುತ್ತಿದ್ದೆ. ಅವ್ವ ಮಾತ್ರ ನನ್ನ ಜೊತೆ ಬಂದಾಗಲೆಲ್ಲ ಆಚೆಯ ಮರದ ಕೆಳಗೆ ಚೀಲ ಹಿಡಿದು ನಿಲ್ಲುತ್ತಿದ್ದಳು, ಎಷ್ಟು ಕರೆದರೂ ಬರುತ್ತಿರಲಿಲ್ಲ. ಆವತ್ತು ಮರದ ಹತ್ತಿರ ನಿಲ್ಲಲೇ ಇಲ್ಲ. ರಸ್ತೆ ದಾಟಿ, ನೇರ ಒಳಗೆ ಹೋಗಿ, ಮೊದಲನೆಯ ಬೆಂಚಿನ ಮೇಲೆ ಕೂತಳು. ನಾನು ಅವಳ ಹಿಂದೆ ಓಡಿದೆ.

"ಒಂದ್ ಲೋಟ ನೀರ್ ಕೊಡಪ್ಪ," ಅಂದಳು.

ಹೋಟೆಲಿನವನು ಯಾರಿಗೋ ಚಿಲ್ಲರೆ ಕೊಡುತ್ತಾ, ಅವಳ ಕಡೆ ನೋಡದೆಯೇ ಒಂದು ಸ್ಟೀಲ್ ಲೋಟ ಟೇಬಲ್ಲಿನ ಮೇಲೆ ಇಟ್ಟು ಹೋದ. ಅವ್ವ ಅದನ್ನು ಎತ್ತಿ ಕುಡಿದು, ಖಾಲಿ ಲೋಟವನ್ನು ಟಣ್ ಅಂತ ಸದ್ದಾಗುವ ಹಾಗೆ ಕೆಳಗಿಟ್ಟಳು. ಅವಳಿಗೆ ಬಾಯಾರಿಕೆ ಇರಲಿಲ್ಲ. ನನಗೆ ಅದು ಚೆನ್ನಾಗಿ ಗೊತ್ತು, ದಾರಿಯಲ್ಲಿ ವ್ಯಾನು ನಿಲ್ಲಿಸಿದ್ದವಳು ನಾನೇ.

ನನ್ನ ಕಣ್ಣು ತುಂಬಿದ್ದನ್ನು ನೋಡಿ "ಯಾಕೆ, ನಿಂಗೂ ಬೇಕಾ?" ಅಂದಳು. ಆಮೇಲೆ ಒಳಗಿನ ಕಡೆ ತಿರುಗಿ, ಇನ್ನೂ ಸ್ವಲ್ಪ ಜೋರಾಗಿ ಕೂಗಿದಳು: "ಇನ್ನೆರಡ್ ಲೋಟ ಕೊಡಪ್ಪೋ."